ಅಮ್ಮನ ಹೆಪ್ಪು

ಡಾಕ್ಟರು ಕೆಂಪಿಯ ಕುತ್ತಿಗೆಗೆ ಐದನೆಯ ದಿನದ ಇಂಜೆಕ್ಷನ್ ಕೊಟ್ಟು, ಸೂಜಿ ಹೊಕ್ಕ ಜಾಗವನ್ನು ಅಂಗೈಯಿಂದ ತಿಕ್ಕಿದರು. ಹಿಂಗಾಲಿನ ಗೊರಸಿನ ಸಂದಿಯಲ್ಲಿ ಕೀವು ಬತ್ತಿತ್ತು. ಹಸು ನಾಲ್ಕೂ ಕಾಲೂರಿ ನಿಂತಿತ್ತು.

"ಇದೇ ಕೊನೇದು. ಇನ್ನೂ ನಾಲ್ಕು ದಿನ ಇದರ ಹಾಲು ಚೆಲ್ಬೇಕು. ಚೆಲ್ತಿದ್ದೀರಿ ತಾನೇ ಅಕ್ಕಾ?"

"ಚೆಲ್ಲದೆ ಇನ್ನೇನು ಮಾಡ್ಲಿ ಡಾಕ್ಟ್ರೇ," ಎಂದಳು ಕೊಟ್ಟಿಗೆಯ ಒಡತಿ. ಬೀದಿಗೆಲ್ಲ ಅವಳು ಅಕ್ಕನೇ.

ಹೇಳಿದ್ದು ಸುಳ್ಳು. ಮೊದಲ ದಿನ ಬಕೆಟ್ಟನ್ನು ಚರಂಡಿಯವರೆಗೆ ಒಯ್ದವಳಿಗೆ ಬಗ್ಗಿಸಲು ಕೈ ಬಂದಿರಲಿಲ್ಲ. ಹುಣ್ಣು ಇರುವುದು ಕಾಲಿನಲ್ಲಿ, ಹಾಲು ಬರುವುದು ಕೆಚ್ಚಲಿನಿಂದ, ಎತ್ತಣಿಂದೆತ್ತ ಸಂಬಂಧ? ಕೊಟ್ಟಿಗೆಯ ಇನ್ನೊಂದು ಹಸು ಬೆಳ್ಳಿಯ ಹಾಲಿನ ಜತೆ ಬೆರೆಸಿ, ಪಕ್ಕದ ಬೀದಿಯಲ್ಲಿ ಮೊಸರು ಮಾರುವ ತಮ್ಮನ ಕ್ಯಾನಿಗೆ ಸುರಿದುಬಿಟ್ಟಳು. ದಿನಾ ಅದೇ ನಡೆಯಿತು. ಮನೆಗೆ ಮಾತ್ರ ಬೆಳ್ಳಿಯದನ್ನೇ ಬೇರೆ ತೆಗೆದಿಟ್ಟಳು. ಬಸುರಿ ಮಗಳು ಬಂದಿದ್ದಾಳೆ, ಇಲ್ಲದ ಉಸಾಬರಿ ಯಾಕೆ ಅಂತ.

ಅಷ್ಟರಲ್ಲಿ ತಮ್ಮ ಖಾಲಿ ಕ್ಯಾನು ಹಿಡಿದು ಬಂದ. ಮುಖ ಬಾಡಿತ್ತು.

"ಅಕ್ಕಾ, ಒಂದು ಚಮಚ ಹೆಪ್ಪು ಕೊಡು. ನಾಲ್ಕು ದಿನದಿಂದ ಮೊಸರೇ ಆಗ್ತಿಲ್ಲ. ಅಮ್ಮನ ಹೆಪ್ಪು ಇದ್ದಷ್ಟೂ ಹಾಕಿ ನೋಡ್ದೆ, ಬೆಳಿಗ್ಗೆ ಎದ್ರೆ ಹಾಲು ಹಾಲಾಗೇ ಇರುತ್ತೆ. ಹೋಟೆಲಿನವನು ನಾಳೆಯಿಂದ ಬರ್ಬೇಡ ಅಂದ."

ಅಮ್ಮ ಸಾಯುವ ಮುಂಚೆ ಇಬ್ಬರಿಗೂ ಹಂಚಿಕೊಟ್ಟಿದ್ದ ಹೆಪ್ಪು ಅದು. ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು ಎಂದು ಇಪ್ಪತ್ತು ವರ್ಷ ಎರಡೂ ಮನೆಯಲ್ಲಿ ನಡೆದುಬಂದಿತ್ತು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವನು ಎಂದಿನಂತೆ ಸೀದಾ ಅಡುಗೆಮನೆಗೆ ಹೋಗಿ ಮೊಸರಿನ ಬಟ್ಟಲು ಹಿಡಿದು ಬಂದ. ಓರೆ ಮಾಡಿದ. ಮೊಸರು ಅಲುಗಲಿಲ್ಲ.

"ನೋಡು, ಅದೇ ಹಾಲು, ಅದೇ ಹೆಪ್ಪು. ನಿನ್ನ ಕೈಲಿ ಗಡ್ಡೆ ಕಟ್ಟುತ್ತೆ. ನನ್ನ ಕೈಗುಣಾನೇ ಹೋಯ್ತು ಅಕ್ಕಾ."

ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಡಾಕ್ಟರು ತಿರುಗಿದರು. "ಕೀವು ಮಾಡೋ ಕ್ರಿಮೀನ ಕೊಲ್ಲೋ ಔಷಧ ಇದು. ಹಾಲಿಗೆ ಇಳಿದ್ರೆ ಹೆಪ್ಪನ್ನೂ ಕೊಲ್ಲುತ್ತೆ. ಮನೆಗೆ ಯಾವ ಹಸೂದು ಹಾಲಿಟ್ಕೊಂಡ್ರಿ ಅಕ್ಕಾ?"

ಇನ್ನೊಂದು ಸುಳ್ಳು ಅಕ್ಕನ ತುಟಿಯವರೆಗೆ ಬಂದಿತ್ತು. ಆದರೆ ತಮ್ಮ ತನ್ನ ಬಲ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಬೆಳ್ಳಿದು," ಎಂದಳು. "ನಿನ್ನ ಕ್ಯಾನಿಗೆ ಎರಡೂ ಬೆರೆಸಿ ಹಾಕ್ದೆ. ನಿನ್ನ ಕೈಗೆ ಏನೂ ಆಗಿಲ್ಲ ಕಣೋ."

ತಮ್ಮ ಬೈಯಲಿಲ್ಲ. ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಒಂದು ಚಮಚ ಮೊಸರನ್ನು ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಜೇಬಿಗಿಳಿಸಿದ. ಅಕ್ಕ ಗಡಬಡಿಸಿ ಒಳಗೆ ಹೋಗಿ ಬೆಳಗಿನ ಹಾಲು ತಂದು ಅವನ ಮುಂದೆ ಚಾಚಿದಳು.

"ಇದು ಬರೀ ಬೆಳ್ಳಿದೇ. ನಿನ್ನಾಣೆ."

ಅವನು ಕ್ಯಾನಿನ ಮುಚ್ಚಳ ತೆಗೆಯಲಿಲ್ಲ.

"ಹೆಪ್ಪು ಅಮ್ಮಂದು, ಅದಕ್ಕೆ ತಗೊಂಡೆ ಅಕ್ಕಾ. ಹಾಲಿಗೆ ಬೇರೆ ಮನೆ ನೋಡ್ಕೋತೀನಿ."