ಮೇಣದಲ್ಲಿ ಉಳಿದದ್ದು

ಪ್ರಬಂಧ ಮುಗಿಸಲು ಡಾಕ್ಟರ್ ವಿನುತಾಳಿಗೆ ಇನ್ನೊಂದೇ ಸ್ಲೈಡ್ ಬೇಕಿತ್ತು. ಅದನ್ನು ತೆಗೆಯಬೇಕಿದ್ದದ್ದು ಯಾವುದೋ ರೋಗಿಯ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಬಿಲ್ಲೆಯಿಂದ. ಹೆಸರಿಲ್ಲ, ಬರೀ ನಂಬರು. ಅಂಥ ಅಪರೂಪದ ಗಡ್ಡೆ ಆ ಆಸ್ಪತ್ರೆಯಲ್ಲಿ ಇದ್ದದ್ದು ಅದೊಂದೇ. ಹನ್ನೊಂದು ವರ್ಷಗಳಿಂದ ಪ್ರತಿ ಬ್ಯಾಚಿನ ವಿದ್ಯಾರ್ಥಿಗಳಿಗೂ ಲ್ಯಾಬಿನ ಕೇಶವಯ್ಯನವರೇ ಅದರಿಂದ ತೆಳ್ಳಗೆ ಸೀಳಿ ಕೊಡುತ್ತಿದ್ದರು.

“ಬೇರೆ ಬಿಲ್ಲೆ ನೋಡೋಣ ತಾಯಿ. ಇದರಲ್ಲಿ ಇನ್ನೇನೂ ಉಳಿದಿಲ್ಲ.”

“ಕಾಣ್ತಾ ಇದೆಯಲ್ಲ, ಉಗುರಿನಷ್ಟು.”

“ಒಂದು ಸಲಕ್ಕಾಗುತ್ತೆ, ಅಷ್ಟೇ.”

“ನನಗೆ ಬೇಕಿರೋದೂ ಒಂದೇ. ಮೂರು ದಿನದಿಂದ ಸತಾಯಿಸ್ತಿದ್ದೀರಿ. ಇದೇನು ನಿಮ್ಮನೆ ಒಡವೆನಾ?”

ಕೇಶವಯ್ಯ ಬಿಲ್ಲೆಯನ್ನು ಸೀಳುವ ಯಂತ್ರಕ್ಕೆ ಸಿಕ್ಕಿಸಿದರು. ಯಂತ್ರದ ಮುಂದೆ ಕೂತಾಗಲೆಲ್ಲ ದೇವರನಾಮ ಗುನುಗುತ್ತಿದ್ದವರು ಇವತ್ತು ತುಟಿ ಬಿಚ್ಚಲಿಲ್ಲ. ಅಲಗಿನಿಂದ ಬಂದ ತೆಳು ಎಳೆಯನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟು, ಮಗುವನ್ನು ಎತ್ತಿಕೊಳ್ಳುವಷ್ಟು ಜೋಪಾನವಾಗಿ ಗಾಜಿನ ಮೇಲೆ ಎತ್ತಿ ಅವಳಿಗೆ ಕೊಟ್ಟರು.

ಬಿಲ್ಲೆಯಲ್ಲಿ ಈಗ ಬರೀ ಮೇಣ. ಅದನ್ನು ಕಸದ ಡಬ್ಬಿಗೆ ಹಾಕದೆ ಕರವಸ್ತ್ರದಲ್ಲಿ ಕಟ್ಟಿಕೊಂಡರು.

“ನಾಳೆ ನಾನು ಬರಲ್ಲ ತಾಯಿ. ಹೊಳೆ ಹತ್ತಿರ ಮಗಳ ಕಾರ್ಯ ಇದೆ.”

ವಿನುತಾ ಸ್ಲೈಡಿನಿಂದ ತಲೆಯೆತ್ತಿದಳು.

“ಕಾರ್ಯವೇ? ನಿಮ್ಮ ಮಗಳು ಹೋಗಿ ಹನ್ನೊಂದು ವರ್ಷ ಆಯ್ತು ಅಂತಿದ್ರಲ್ಲ?”

“ಆಯ್ತು ತಾಯಿ. ಪೂರ್ತಿ ಹೋಗಿದ್ದು ಇವತ್ತು.”