ಮುಯ್ಯಾಳು

ಆಸ್ಪತ್ರೆಯ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ನಿಂಗರಾಜು ಮೊಬೈಲಿನ ಬೇಸಾಯದ ಆಟದಲ್ಲಿ ತನ್ನ ಟೊಮೆಟೊಗೆ ನೀರು ಹಾಯಿಸಿದ. ಆಮೇಲೆ ಪಕ್ಕದ ಹೊಲಕ್ಕೂ ಹಾಯಿಸಿದ. ಆ ಹೊಲದವಳ ಹೆಸರು ‘ಮಲ್ಲಿಗೆ’ ಎಂಬುದಷ್ಟೇ ಅವನಿಗೆ ಗೊತ್ತಿತ್ತು.

“ಮಣ್ಣಿಲ್ಲ, ವಾಸನೆಯಿಲ್ಲ, ತಿನ್ನೋಕೆ ಒಂದು ಕಾಯಿ ಸಿಗಲ್ಲ. ಅದೇನು ಸುಖಾನೋ!” ಎಂದಳು ನೆಲ ಒರೆಸುತ್ತಿದ್ದ ಸುಗುಣಕ್ಕ.

“ನಾನು ಹೋಗದಿದ್ರೆ ಬಾಡಿಹೋಗುತ್ತಲ್ಲಕ್ಕ. ನನ್ನ ದಾರಿ ಕಾಯೋದು ಇದೊಂದೇ.”

“ಪಕ್ಕದೋರ್ದು ಬಾಡಿದ್ರೆ ನಿಂಗೇನು?”

“ನಂಗೆ ಜ್ವರ ಬಂದಾಗ ಅವಳು ನನ್ನ ಹೊಲಕ್ಕೆ ನೀರು ಬಿಟ್ಟಿದ್ಲು. ನಮ್ಮೂರಲ್ಲಾದ್ರೆ ನಮ್ಮ ಹೊಲಕ್ಕೆ ಬಂದು ದುಡಿದೋರ ಹೊಲದಲ್ಲಿ ದುಡಿದು ಮುಯ್ಯಾಳು ತೀರಿಸದೆ ಇರ್ತೀವಾ?”

ಅವಳು ಆಟಕ್ಕೆ ಬರುವುದು ನಿಂತು ಐದು ತಿಂಗಳಾಗಿತ್ತು. ನಿಂಗರಾಜು ಒಂದು ದಿನವೂ ಅವಳ ಹೊಲಕ್ಕೆ ನೀರು ತಪ್ಪಿಸಿರಲಿಲ್ಲ.

ಅಷ್ಟರಲ್ಲಿ ಆಟದೊಳಗೆ ಯಾವುದೋ ಹೊಸ ಹೆಸರಿನಿಂದ ಅವನಿಗೊಂದು ಸಂದೇಶ ಬಂತು.

“ಮಲ್ಲಿಗೆ ನನ್ನ ಮಗಳಪ್ಪ. ಮನೆ ಬಿಟ್ಟು ಹೋಗಿ ಐದು ತಿಂಗಳಾಯ್ತು, ಒಂದು ಫೋನೂ ಇಲ್ಲ. ನೀವು ಪಕ್ಕದ ಹೊಲದೋರು, ನಿಮ್ಮ ಹತ್ರ ಏನಾದ್ರೂ ಮಾತಾಡ್ತಾಳಾ? ದಿನಾ ಬಂದು ನೀರು ಬಿಟ್ಟು ಹೋಗ್ತಾಳಲ್ಲ, ಆ ಹಸಿ ಹೊಲ ನೋಡಿದ ಮೇಲೇನೇ ನಂಗೆ ಒಂದು ತುತ್ತು ಇಳಿಯೋದು.”