ಗಸಗಸೆ ಪಾಯಸ

“ನೀವೂ ಕೂತ್ಕೊಳ್ಳಿ, ಒಟ್ಟಿಗೇ ತಿನ್ನೋಣ,” ಎಂದ ಕಾನ್‌ಸ್ಟೇಬಲ್ ಡಂಕನ್. ಬೆನ್ನನ್ನು ಗೋಡೆಗೆ ಒತ್ತಿ, ಬಾಗಿಲ ಮೇಲೊಂದು ಕಣ್ಣಿಟ್ಟು ಕೂತಿದ್ದ.

“ಅಯ್ಯೋ, ಎಲ್ಲಾದರೂ ಉಂಟೇ! ನಿಮ್ಮದು ಮೊದಲಾಗಲಿ,” ಎಂದಳು ವಸುಂಧರಾ, ನಿಂತಲ್ಲಿಂದ ಕದಲದೆ.

ಡನೀಡಿನ್‌ನಿಂದ ಮೂರು ಗಂಟೆ ದಾರಿಯ, ಒಳನಾಡಿನ ಆ ಪರದೇಶದ ಊರಿಗೆ ಡಂಕನ್ ಹೊಸದಾಗಿ ಬಂದ ಒಬ್ಬನೇ ಪೊಲೀಸ್. ಯಾರೋ ಪುಂಡರು ತಿಂಗಳಲ್ಲಿ ಎರಡು ಸಲ ವಸುಂಧರಾಳ ಮನೆಯ ಕಿಟಕಿಗೆ ಕಲ್ಲು ತೂರಿದ್ದರು. ಹಿಂದಿದ್ದ ಪೊಲೀಸ್ ಇತ್ತ ತಲೆಯೂ ಹಾಕಿರಲಿಲ್ಲ. ಇವನಾದರೂ ನಮ್ಮ ಕಡೆ ಇರಲಿ ಎಂದು ಅವಳ ಗಂಡ, ಅಣೆಕಟ್ಟಿನ ಎಂಜಿನಿಯರ್ ಬದರಿನಾಥ್, ಭಾನುವಾರದ ಊಟಕ್ಕೆ ಕರೆದಿದ್ದ.

ಕರೆದದ್ದು ಸರಿ, ಬಾಯಿ ಮುಚ್ಚಿಕೊಂಡು ಇರಬೇಕಿತ್ತಲ್ಲ! ಗೋಡೆಯ ಹಳೇ ಫೋಟೋ ತೋರಿಸಿ ಶುರು ಹಚ್ಚಿಕೊಂಡ. “ನೂರ ನಲವತ್ತು ವರ್ಷದ ಹಿಂದೆ, ಇಲ್ಲಿ ಚಿನ್ನ ಅಗೀತಿದ್ದ ಕಾಲದಲ್ಲಿ, ಈ ಮನೆ ಹೆಂಡದಂಗಡಿ ಸರ್. ಇವನು ಆಗಿನ ಪೊಲೀಸ್, ಕುದುರೆ ಮೇಲೆ ಚಿನ್ನ ಸಾಗಿಸೋನು. ಕಳ್ಳರ ಗುಂಡಿಗೂ ಸಾಯಲಿಲ್ಲ, ಹೊಳೆಯ ನೆರೆಗೂ ಸಾಯಲಿಲ್ಲ. ಇಲ್ಲೇ, ನೀವು ಕೂತಿರೋ ಜಾಗದಲ್ಲೇ, ಅಂಗಡಿಯವನು ಚಹಾದಲ್ಲಿ ಅಫೀಮು ಹಾಕಿ ಕೊಟ್ಟ. ನಿದ್ದೆ ಹೋದವನನ್ನ ಹೊಳೆಗೆ ಎಸೆದರು!”

ಆಮೇಲೆ, ದೇವರೇ, ಬಟ್ಟಲು ಮುಂದಿಟ್ಟು, “ಇದು ಗಸಗಸೆ ಪಾಯಸ. ಅಫೀಮು ಗಿಡದ್ದೇ ಬೀಜ! ಕುಡಿದರೆ ಎಂಥಾ ನಿದ್ದೆ ಬರುತ್ತೆ ಗೊತ್ತಾ?” ಎಂದು ನಕ್ಕ.

ಡಂಕನ್ ನಗಲಿಲ್ಲ. ಎತ್ತಿದ ಚಮಚ ಕೆಳಗಿಟ್ಟ. ಗಂಡನನ್ನು ನೋಡಿದ, ಹೆಂಡತಿಯನ್ನು ನೋಡಿದ. “ನೀವ್ಯಾಕೆ ತಿಂತಿಲ್ಲ?”

“ರೀ, ನಮ್ಮ ಮೇಲೇ ಅನುಮಾನ ಪಡ್ತಿದ್ದಾನೆ ಕಣ್ರೀ,” ಎಂದು ವಸುಂಧರಾ ಕನ್ನಡದಲ್ಲಿ ಪಿಸುಗುಟ್ಟಿದಳು. ಪಿಸುಗುಟ್ಟಿದ್ದರಿಂದ ಕೆಲಸ ಇನ್ನೂ ಕೆಟ್ಟಿತು. ಅವನು ಕಾರಿನ ಕೀ ಹಿಡಿದು ಎದ್ದೇಬಿಟ್ಟ.

ಇವನು ಹೀಗೆ ಹೋದರೆ, ಮತ್ತೆ ಕಲ್ಲು ಬಿದ್ದ ದಿನ ಯಾರು ಬರುತ್ತಾರೆ? ಮನೆಗೆ ಬಂದವರಿಗಿಂತ ಮೊದಲು ಬಾಯಿಗೆ ತುತ್ತಿಟ್ಟವಳಲ್ಲ ವಸುಂಧರಾ. ಈಗ ಅವನ ಬಟ್ಟಲನ್ನೇ ಎತ್ತಿ, ತುಟಿಗೆ ಕಚ್ಚಿಕೊಂಡು, ಗಟಗಟನೆ ಅರ್ಧ ಕುಡಿದು ಅವನ ಮುಂದೆ ಇಟ್ಟಳು.

ಡಂಕನ್ ಕೀ ಜೇಬಿಗೆ ಹಾಕಿಕೊಂಡ. ಕೂತ. ಒಂದು ಚಮಚ ಬಾಯಿಗಿಟ್ಟ, ಇನ್ನೊಂದು ಇಟ್ಟ. “ಇನ್ನೂ ಸ್ವಲ್ಪ ಸಿಗುತ್ತಾ?”

ಅತಿಥಿಗೆ ಎಂಜಲು ಬಡಿಸಿದೆನಲ್ಲ ಎಂಬ ನಾಚಿಕೆಯಲ್ಲಿ ಅಡುಗೆಮನೆಗೆ ಹೊರಟವಳು ಆ ಹಳೇ ಪೊಲೀಸನ ಫೋಟೋದ ಮುಂದೆ ನಿಂತಳು.

“ಪಾಪ,” ಎಂದಳು, “ನೀವೂ ಕುಡೀರಿ ಅಂತ ಅಂಗಡಿಯವನಿಗೆ ಹೇಳೋಕೆ ಇವನಿಗೆ ಸಂಕೋಚ ಆಯ್ತೇನೋ.”